ನಮ್ಮಕ್ಕನ ಲ್ಯಾಪ್‌ಟಾಪು ಯಾಕೆ ಚಾರ್ಜ್ ಆಗಲಿಲ್ಲ?

ನಮ್ಮಕ್ಕ ಬಿ.ಕಾಂ. ಓದುತ್ತಿದ್ದಾಳೆ. ಅವಳ ಹತ್ತಿರ ಒಂದು ಹಳೇ ಲ್ಯಾಪ್‌ಟಾಪು ಇದೆ, ಸೆಕೆಂಡ್ ಹ್ಯಾಂಡು. ಹೋದ ತಿಂಗಳು ಅದು ಚಾರ್ಜ್ ಆಗೋದನ್ನೇ ನಿಲ್ಲಿಸಿಬಿಟ್ಟಿತು. ವೈರು ಹಾಕಿದರೆ ಓಡುತ್ತೆ, ಕರೆಂಟ್ ಹೋದರೆ ಟಪ್ ಅಂತ ಆಫ್. ನಮ್ಮೂರ ಕರೆಂಟಿನ ವಿಷಯ ನಿಮಗೇ ಗೊತ್ತು. ಒಂದು ಸಂಜೆ ಅವಳು ಟೈಪ್ ಮಾಡಿದ್ದ ಪ್ರಾಜೆಕ್ಟಿನ ನಾಲ್ಕು ಪುಟ ಹಾಗೇ ಹೋಯಿತು. ಅಕ್ಕ ಅವತ್ತು ಊಟ ಮಾಡಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದರೆ ಅವರು ನೋಡದೇನೇ "ಬ್ಯಾಟರಿ ಹೋಗಿದೆ, 2,800 ರೂಪಾಯಿ" ಅಂದರು. ಅಪ್ಪನಿಗೆ ಅದು ಏಳು ದಿನದ ಕೂಲಿ. ಅಪ್ಪ ಏನೂ ಮಾತಾಡಲಿಲ್ಲ.

ನಾನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, "ಟ್ಯಾಂಕಿಗೆ ನೀರು ಬರದೇ ಇರೋದು ಬೇರೆ, ಬಂದ ನೀರು ನಿಲ್ಲದೇ ಇರೋದು ಬೇರೆ. ನಿಮ್ಮದು ಯಾವುದು ಅಂತ ಮೊದಲು ನೋಡು. ಗೋಡೆಯಿಂದ ಶುರು ಮಾಡು" ಎಂದರು.

ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಸರಿ ಇತ್ತು. ಅಡಾಪ್ಟರಿನ (ವೈರಿನ ನಡುವೆ ಇರೋ ಕರೀ ಡಬ್ಬಿ) ಲೈಟೂ ಉರೀತಿತ್ತು. ಆದರೂ ಪರದೆ ಮೇಲೆ 'ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್' ಅಂತಲೇ ಬರುತ್ತಿತ್ತು. ಆಫ್ ಮಾಡಿ, ವೈರು ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು ಮತ್ತೆ ಜೋಡಿಸಿದೆವು. ಕೆಲವು ಅಷ್ಟಕ್ಕೇ ಸರಿಹೋಗುತ್ತವೆ. ನಮ್ಮದು ಹೋಗಲಿಲ್ಲ.

ಆಮೇಲೆ ಮೇಷ್ಟ್ರು ಅಡಾಪ್ಟರಿನ ತುದಿ ತೋರಿಸಿದರು. ಅದರ ಒಳಗೆ ನಡುಮಧ್ಯೆ ಸೂಜಿಯಂಥ ಒಂದು ಪಿನ್ನು ಇರುತ್ತದೆ. ಅದು ಕರೆಂಟ್ ತರೋದಕ್ಕಲ್ಲ! 'ನೀನು ಎಷ್ಟು ವ್ಯಾಟಿನವನು?' ಅಂತ ಲ್ಯಾಪ್‌ಟಾಪು ಅಡಾಪ್ಟರನ್ನು ಕೇಳೋದು ಆ ಪಿನ್ನಿನ ಮೂಲಕ. ಉತ್ತರ ಬರದಿದ್ದರೆ ಲ್ಯಾಪ್‌ಟಾಪು ನಂಬೋದಿಲ್ಲ. ತಾನು ನಿಧಾನವಾಗಿ ಓಡುತ್ತೆ, ಬ್ಯಾಟರಿಗೆ ಮಾತ್ರ ಚಾರ್ಜ್ ಬಿಡೋದಿಲ್ಲ. ನಮ್ಮ ಪಿನ್ನು ಸೊಟ್ಟಗಾಗಿತ್ತು. (ನಾನೇ ಒಮ್ಮೆ ವೈರು ಎಡವಿ ಎಳೆದಿದ್ದೆ. ಅಕ್ಕನಿಗೆ ಇದನ್ನು ಓದಿದ ಮೇಲೇ ಗೊತ್ತಾಗೋದು.)

ಮೇಷ್ಟ್ರು ತಮ್ಮ ಅಡಾಪ್ಟರ್ ತಂದು ಹಾಕಿದರು. ಎರಡರ ಚೀಟಿಯಲ್ಲೂ 19.5 ವೋಲ್ಟ್, 65 ವ್ಯಾಟ್ ಅಂತಿತ್ತು. ವೋಲ್ಟ್ ಒಂದೇ ಇರಬೇಕು, ವ್ಯಾಟ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಕಡಿಮೆ ಇರಬಾರದು. ಹಾಕಿದ ಕೂಡಲೇ ಸೊನ್ನೆ ಇದ್ದದ್ದು ಒಂದಾಯಿತು, ಎರಡಾಯಿತು. ಅಕ್ಕ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಹೊಸ ಅಡಾಪ್ಟರಿಗೆ 700 ರೂಪಾಯಿ ಆಯಿತು.

ಆದರೆ ಬ್ಯಾಟರಿಗೂ ವಯಸ್ಸಾಗಿತ್ತು. ಮೇಷ್ಟ್ರು ಕಂಪ್ಯೂಟರಿನಿಂದಲೇ ಬ್ಯಾಟರಿ ರಿಪೋರ್ಟ್ ತೆಗೆದರು. ಹೊಸದರಲ್ಲಿ 40,000 ಮಿಲಿವ್ಯಾಟ್ ಅವರ್ ಹಿಡಿಯುತ್ತಿದ್ದದ್ದು ಈಗ 16,000 ಮಾತ್ರ ಹಿಡಿಯುತ್ತದೆ. ಇದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಮೊದಲು ಮಾರಾಟಕ್ಕೆ ಬಂತು. ಇದಕ್ಕಾಗಿ ದುಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಷಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಇದಕ್ಕೆ ಸೆಖೆ ಆಗೋದಿಲ್ಲ. ಅಕ್ಕ ಹಾಸಿಗೆ ಮೇಲೆ ಇಟ್ಟುಕೊಂಡು ಬರೀತಿದ್ದಳು, ಗಾಳಿ ಹೋಗೋ ತೂತು ಮುಚ್ಚಿ ಬಿಸಿಯಾಗುತ್ತಿತ್ತು. ಈಗ ಮಣೆ ಮೇಲೆ ಇಡುತ್ತಾಳೆ. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಚಾರ್ಜಿಗೇ ಹಾಕಬೇಡಿ, ಚುಚ್ಚಲೂ ಬೇಡಿ, ಬೆಂಕಿ ಹತ್ತುತ್ತದೆ.

ಹೊಸ ಬ್ಯಾಟರಿ ಈಗ ಬೇಡ ಅಂತ ಅಕ್ಕನೇ ಹೇಳಿದಳು. ಈಗ ಒಂದೂಕಾಲು ಗಂಟೆ ನಿಲ್ಲುತ್ತೆ. ಮೊನ್ನೆ ಸಂಜೆ ಏಳಕ್ಕೆ ಕರೆಂಟ್ ಹೋದಾಗ ಮನೆಯೆಲ್ಲಾ ಕತ್ತಲು. ಪರದೆ ಬೆಳಕಲ್ಲಿ ಅಕ್ಕ ಆ ನಾಲ್ಕು ಪುಟ ಮತ್ತೆ ಟೈಪ್ ಮಾಡುತ್ತಿದ್ದಳು, ಅದೇ ಬೆಳಕಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು.