ವಾದ್ಯ ಕೊಳ್ಳುವ ಚಪಲ

ಕನ್ನಡದ ‘ಕೊಳ್ಳು’ ಎಂಬ ಕ್ರಿಯಾಪದಕ್ಕೆ ಎರಡು ಬಗೆಯ ಬಾಳುವೆ. ತಾನೊಂದೇ ನಿಂತಾಗ ಅದು ಬೆಲೆ ತೆತ್ತು ಪಡೆಯುವುದನ್ನು ಹೇಳುತ್ತದೆ: ಅಕ್ಕಿ ಕೊಂಡೆವು, ಸೀರೆ ಕೊಂಡೆವು, ಮನೆ ಕೊಂಡೆವು. ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತಾಗ, ಮಾಡಿದ ಕೆಲಸದ ಫಲ ಮಾಡಿದವನಿಗೇ ಸೇರಿತೆಂಬುದನ್ನು ಸೂಚಿಸುತ್ತದೆ: ಕಲಿತುಕೊಂಡ, ತಿದ್ದಿಕೊಂಡ, ಉಳಿಸಿಕೊಂಡ. ಮೊದಲನೆಯ ಕೊಳ್ಳುವಿಕೆಗೆ ಅಂಗಡಿ ಬೇಕು, ಹಣ ಬೇಕು. ಎರಡನೆಯದಕ್ಕೆ ಕಾಲ ಬೇಕು, ದುಡಿಮೆ ಬೇಕು. ಸಂಗೀತದ ಸಲಕರಣೆಗಳ ವಿಷಯದಲ್ಲಿ ಈ ಎರಡನ್ನೂ ನಾವು ಸುಲಭವಾಗಿ ಬೆರೆಸಿಬಿಡುತ್ತೇವೆ. ವೀಣೆಯನ್ನು ಕೊಂಡರೆ ವೀಣೆಯನ್ನು ಅರ್ಧ ಕಲಿತುಕೊಂಡಂತೆಯೇ ಎನಿಸಿಬಿಡುತ್ತದೆ. ಈ ಭ್ರಮೆ ಹುಟ್ಟುವ ಬಗೆ ಯಾವುದು, ಅದನ್ನು ಹತೋಟಿಯಲ್ಲಿಡುವ ದಾರಿ ಯಾವುದು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಸಂಗೀತಗಾರನಲ್ಲ, ಕನ್ನಡ ಪಾಠ ಹೇಳಿದವನು, ಸಂಗೀತವನ್ನು ಕೇಳುತ್ತ ಬಂದವನು. ಕಚೇರಿಯ ವೇದಿಕೆಯಿಂದ ಕಾಣದ ಕೆಲವು ಸಂಗತಿಗಳು ಕೇಳುಗರ ಸಾಲಿನಿಂದ ಕಾಣುವುದುಂಟು.

ಹಿಂದೆ ಒಳ್ಳೆಯ ತಂಬೂರಿ ಬೇಕೆಂದರೆ ಮಿರಜಿಗೆ ಕಾಗದ ಬರೆಯಬೇಕಿತ್ತು, ಇಲ್ಲವೇ ಹೋಗಬೇಕಿತ್ತು. ಸೋರೆಬುರುಡೆ ಒಣಗಿ ಹದಕ್ಕೆ ಬರಬೇಕು, ಅದಕ್ಕೆ ಮರ ಕೂಡಬೇಕು, ಕುದುರೆಯ ಮೈಯನ್ನು ಉಜ್ಜಿ ಉಜ್ಜಿ ಜವಾರಿ ತೆರೆಯಬೇಕು. ಅಷ್ಟರಲ್ಲಿ ತಿಂಗಳುಗಳು ಉರುಳುತ್ತಿದ್ದವು. ಆ ಕಾಯುವಿಕೆಯೇ ಒಂದು ಜರಡಿಯಾಗಿತ್ತು. ಕ್ಷಣಿಕವಾದ ಆಸೆ ಅದರಲ್ಲಿ ಉದುರಿಹೋಗುತ್ತಿತ್ತು, ನಿಜವಾದ ಹಂಬಲ ಮಾತ್ರ ಮೇಲೆ ಉಳಿಯುತ್ತಿತ್ತು. ಈಗ ಆ ಜರಡಿ ಇಲ್ಲ. ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಮಲಗಿದ್ದಾಗಲೂ ಫೋನಿನ ಗಾಜಿನ ಮೇಲೆ ಅಂಗಡಿ ತೆರೆದೇ ಇರುತ್ತದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಎಚ್ಚರಿಕೆ, ‘ಬಡ್ಡಿಯಿಲ್ಲದ ಕಂತು’ ಎಂಬ ಉಪಚಾರ. ಬೆರಳೊಂದನ್ನು ಒತ್ತಿದರೆ ಕೀಬೋರ್ಡು ಬಾಗಿಲಿಗೆ ಬರುತ್ತದೆ. ‘ಚಪಲ’ ಎಂಬ ಶಬ್ದಕ್ಕೆ ನೆಲೆನಿಲ್ಲದ್ದು ಎಂದರ್ಥ; ‘ಚಪಲೆ’ ಎಂದರೆ ಮಿಂಚೂ ಹೌದು, ಲಕ್ಷ್ಮಿಯೂ ಹೌದು. ಮಿಂಚು ಹೊಳೆದು ಮಾಯವಾಗುವಷ್ಟು ಹೊತ್ತಿನಲ್ಲಿ ಲಕ್ಷ್ಮಿಯೂ ಮನೆಯಿಂದ ಹೊರಟಿರುತ್ತಾಳೆ.

ಒಂದು ವಸ್ತುವನ್ನು ಕೊಂಡಲ್ಲಿಗೆ ಈ ಕತೆ ಮುಗಿಯುವುದೂ ಇಲ್ಲ. ಫ್ರೆಂಚ್ ಲೇಖಕ ದಿದರೋ ೧೭೬೯ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ತನ್ನ ಹಳೆಯ ನಿಲುವಂಗಿಯನ್ನು ನೆನೆದು ಪರಿತಪಿಸುತ್ತಾನೆ. ಅವನಿಗೆ ಕೆಂಪು ಬಣ್ಣದ ಸೊಗಸಾದ ಹೊಸ ನಿಲುವಂಗಿಯೊಂದು ದೊರೆಯಿತು. ಅದನ್ನು ತೊಟ್ಟು ಕೋಣೆಯಲ್ಲಿ ನಿಂತಾಗ ಹುಲ್ಲಿನ ಕುರ್ಚಿ ಬಡವಾಗಿ ಕಂಡಿತು. ಚರ್ಮದ ಆಸನ ಬಂತು. ಹಳೆಯ ಮೇಜು ಹೋಯಿತು, ಗೋಡೆಯ ಚಿತ್ರಗಳು ಹೋದವು. ಒಂದಕ್ಕೆ ಒಪ್ಪುವಂತೆ ಇನ್ನೊಂದನ್ನು ಬದಲಿಸುತ್ತ ಹೋಗಿ, ಕೊನೆಗೆ ಆ ಕೋಣೆ ಅವನದೇ ಎನ್ನಿಸದ ಹಾಗಾಯಿತು. ಈ ಸರಪಳಿಗೆ ೧೯೮೮ರಲ್ಲಿ ಗ್ರಾಂಟ್ ಮೆಕ್‌ಕ್ರಾಕನ್ ಎಂಬ ವಿದ್ವಾಂಸರು ‘ದಿದರೋ ಪರಿಣಾಮ’ ಎಂದು ಹೆಸರಿಟ್ಟರು. ಸಂಗೀತದ ಲೋಕದಲ್ಲಿಯೂ ಇದಕ್ಕೊಂದು ಹೆಸರುಂಟು. ಅಮೆರಿಕದ ಗಿಟಾರ್ ವಾದಕ ವಾಲ್ಟರ್ ಬೆಕರ್ ೧೯೯೦ರ ದಶಕದಲ್ಲಿ, ಗಿಟಾರಿನ ಮೇಲೆ ಗಿಟಾರು ಕೊಳ್ಳುವ ಗೀಳಿಗೆ ರೋಗದ ಹೆಸರೊಂದನ್ನು ಕಟ್ಟಿ ನಗೆಯಾಡಿದ. ನಗೆಗೆಂದು ಹುಟ್ಟಿದ ಆ ಹೆಸರು ವಾದ್ಯಗಾರರ ನಡುವೆ ಗಂಭೀರವಾಗಿಯೇ ಉಳಿಯಿತು.

ನಮ್ಮ ಬೀದಿಯ ತರುಣನೊಬ್ಬನ ಸಂಗತಿಯನ್ನು ಹೇಳುತ್ತೇನೆ. ಭಾವಗೀತೆಗಳನ್ನು ಇಂಪಾಗಿ ಹಾಡುತ್ತಿದ್ದ. ದಿನವೂ ಸಂಜೆ ಒಂದು ಗಂಟೆ ಅವನ ಮನೆಯಿಂದ ದನಿ ಕೇಳಿಬರುತ್ತಿತ್ತು. “ಸಾರ್, ಒಳ್ಳೆಯ ಮೈಕೊಂದಿದ್ದರೆ ನನ್ನ ದನಿ ಬೇರೆಯೇ ಆಗಿ ಕೇಳುತ್ತದೆ” ಎಂದು ಒಂದು ದಿನ ಹೇಳಿದ. ಕಂತಿನ ಮೇಲೆ ಕಂಡೆನ್ಸರ್ ಜಾತಿಯ ಮೈಕು ಬಂತು. ಆ ಜಾತಿಯ ಮೈಕು ದುಡಿಯಬೇಕಾದರೆ ೪೮ ವೋಲ್ಟಿನ ವಿದ್ಯುತ್ತನ್ನು ಊಡುವ ಇನ್ನೊಂದು ಪೆಟ್ಟಿಗೆ ಬೇಕು, ಅದೂ ಬಂತು. ಅದು ಬಹು ಸೂಕ್ಷ್ಮವಾದ ಸಾಧನ. ಹಾಡಿನ ಜೊತೆಗೆ ಫ್ಯಾನಿನ ಗಾಳಿ, ಪಕ್ಕದ ಮನೆಯ ಕುಕ್ಕರಿನ ಸೀಟಿ, ಬೀದಿಯ ಆಟೋರಿಕ್ಷಾ, ಬರಿಗೋಡೆಗೆ ಬಡಿದು ಮರಳುವ ಮಾರ್ದನಿ, ಎಲ್ಲವನ್ನೂ ಅದು ನಿಷ್ಠೆಯಿಂದ ಹಿಡಿದುಕೊಟ್ಟಿತು. ಗೋಡೆಗೆ ಹಚ್ಚುವ ಸ್ಪಂಜು, ಕಿವಿಗೆ ಹೆಡ್‌ಫೋನು, ಮೈಕು ನಿಲ್ಲಿಸುವ ಕಾಲುಗಂಬ, ಒಂದರ ಹಿಂದೆ ಒಂದು ಬಂದವು. ಕಂತು ಕಟ್ಟುವುದಕ್ಕಾಗಿ ಅವನು ಸಂಜೆಯ ಹೊತ್ತು ಮನೆಪಾಠ ಹೇಳಲು ಹೊರಟ. ಅವನು ಕಳೆದುಕೊಂಡದ್ದು ಹಣವನ್ನಷ್ಟೇ ಆಗಿದ್ದರೆ ನಾನು ಇಲ್ಲಿ ಪ್ರಸ್ತಾಪಿಸುತ್ತಿರಲಿಲ್ಲ. ಆ ಸಲಕರಣೆಗಳು ಯಾವ ಹಾಡಿಗಾಗಿ ಬಂದವೋ ಆ ಹಾಡಿನ ಗಂಟೆಯೇ ಕಂತಿಗೆ ಸಂದುಹೋಯಿತು. ಈಗ ಸಂಜೆ ಆ ಮನೆ ಮೌನವಾಗಿರುತ್ತದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ಡೊಂಕೆನ್ನುವುದು ಮನುಷ್ಯಸಹಜ. ಇಂದಿನ ವ್ಯಾಪಾರವು ಆ ಮಾತಿಗೆ ತಲೆದೂಗಿ, ಹೊಸ ನೆಲವನ್ನೇ ಮಾರಲು ಬರುತ್ತದೆ. ಮಾರುವಾಗ ಅಂಕಿಗಳನ್ನು ಮುಂದಿಡುತ್ತದೆ. ಅಂಕಿಗಳನ್ನು ತುಸು ಬಲ್ಲೆವಾದರೆ ಅವುಗಳ ಮಾಯೆ ಇಳಿಯುತ್ತದೆ. ೫೦ ವ್ಯಾಟಿನ ಆಂಪ್ಲಿಫಯರನ್ನು ಬಿಟ್ಟು ೧೦೦ ವ್ಯಾಟಿನದನ್ನು ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ. ೩ ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಹಾಗೆಯೇ ಮನುಷ್ಯನ ಕಿವಿ ಕೇಳುವ ಕಂಪನಗಳು ಸೆಕೆಂಡಿಗೆ ೨೦ರಿಂದ ೨೦,೦೦೦ದವರೆಗೆ, ಅದೂ ಹರೆಯದಲ್ಲಿ. ವಯಸ್ಸಾದಂತೆ ಮೇಲಿನ ಮೇರೆ ಕುಸಿಯುತ್ತ ಬರುತ್ತದೆ. ಅರವತ್ತು ದಾಟಿದ ನನ್ನಂಥವನಿಗೆ ಅಂಗಡಿಯವರೊಬ್ಬರು, ೪೦,೦೦೦ದವರೆಗೆ ನುಡಿಯುವ ಸ್ಪೀಕರನ್ನು ತೋರಿಸಿ ಬಹಳ ಆದರದಿಂದ ವರ್ಣಿಸಿದರು. ಬಾವಲಿಗಳಿಗೆ ಉಪಯೋಗವಾದೀತು ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಹಾಗೆಂದು, ಕೊಳ್ಳುವುದೆಲ್ಲ ಚಪಲವೆಂದು ತಿಳಿಯಬಾರದು. ಕೊಳಲಿನ ಶ್ರುತಿ ಅದರ ಉದ್ದಕ್ಕೂ ರಂಧ್ರಕ್ಕೂ ಕಟ್ಟುಬಿದ್ದದ್ದು. ಬೇರೆ ಬೇರೆ ಶ್ರುತಿಯಲ್ಲಿ ನುಡಿಸಬೇಕಾದ ವಿದ್ವಾಂಸರ ಚೀಲದಲ್ಲಿ ಹತ್ತು ಕೊಳಲಿದ್ದರೆ ಅದು ದುಂದುಗಾರಿಕೆಯಲ್ಲ. ಮೃದಂಗವನ್ನೂ ಒಂದು ಮಿತಿಯೊಳಗೆ ಮಾತ್ರ ಏರಿಸಿ ಇಳಿಸಲು ಸಾಧ್ಯವಾದ್ದರಿಂದ ಹೆಚ್ಚು ಶ್ರುತಿಗೊಂದು, ತಗ್ಗು ಶ್ರುತಿಗೊಂದು ಬೇಕಾಗುತ್ತದೆ. ಪಿಟೀಲು ಕಲಿಯುವ ಮಗುವಿನ ತೋಳು ಬೆಳೆದಂತೆ ಅರ್ಧ ಅಳತೆಯ ಪಿಟೀಲನ್ನು ಬಿಟ್ಟು ಮುಕ್ಕಾಲು ಅಳತೆಯದನ್ನು ಹಿಡಿಯಲೇಬೇಕು. ಇಲ್ಲೆಲ್ಲ ಬೇಡಿಕೆ ಹುಟ್ಟಿದ್ದು ಸಾಧನೆಯೊಳಗಿನಿಂದ. ಇದಕ್ಕೆ ನಮ್ಮ ನಾಡಿನ ದೊಡ್ಡ ನಿದರ್ಶನ ಪಿಟೀಲು ಚೌಡಯ್ಯನವರು. ಧ್ವನಿವರ್ಧಕಗಳ ಅನುಕೂಲವಿಲ್ಲದ ಕಾಲದಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ದೊಡ್ಡ ಸಭೆಯ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ವರ್ಷಗಟ್ಟಲೆ ದುಡಿದ ಮೇಲೆ ಈ ಕೊರತೆ ಅವರನ್ನು ಕಾಡಿತು. ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಸಭಾಭವನವೇ ಪಿಟೀಲಿನ ಆಕಾರದಲ್ಲಿ ಎದ್ದು ನಿಂತಿದೆ. ಅವರಲ್ಲಿ ವಿದ್ಯೆ ಮೊದಲು ಬೆಳೆದು ವಾದ್ಯವನ್ನು ಬೇಡಿತು. ವಾದ್ಯ ಮೊದಲು ಬಂದು ವಿದ್ಯೆಯನ್ನು ಕರೆತಂದೀತೆಂದು ನಾವು ಕಾಯುತ್ತೇವೆ.

ಇನ್ನೊಂದು ನಿದರ್ಶನ ಗದಗಿನದು. ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ನುಡಿಯುತ್ತಿದ್ದ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮರುಳಾದರೆಂಬುದು ಪ್ರಸಿದ್ಧವಾದ ಸಂಗತಿ. ಆ ನಾದ ಅವರಲ್ಲಿ ಗುರುವಿನ ಹಸಿವನ್ನು ಹುಟ್ಟಿಸಿತು. ೧೯೩೩ರಲ್ಲಿ, ಹನ್ನೊಂದರ ಹರೆಯದಲ್ಲಿ, ಮನೆ ಬಿಟ್ಟು ಉತ್ತರ ದೇಶವನ್ನೆಲ್ಲ ಅಲೆದರು; ಕೊನೆಗೆ ಊರಿಗೆ ಸಮೀಪದ ಕುಂದಗೋಳದಲ್ಲಿಯೇ, ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪಾದ ಸೇರಿದರು. ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತವರು ಅಂಗಡಿಯಲ್ಲಿ ಸಿಗದುದನ್ನು ಅರಸಿ ಹೋದರು. ನಮಗೂ ಆಸೆ ಹುಟ್ಟುವುದು ಹೆಚ್ಚಾಗಿ ಒಳ್ಳೆಯ ಕಚೇರಿಯನ್ನು ಕೇಳಿ ಬಂದ ರಾತ್ರಿಯೇ. ಆ ಆಸೆ ತಪ್ಪಲ್ಲ, ಅದು ಅಮೂಲ್ಯವಾದದ್ದು. ಅದನ್ನು ಕೊಳ್ಳುವುದರಲ್ಲಿ ತಣಿಸಿಬಿಟ್ಟರೆ ಮರುದಿನದ ಸಾಧನೆಗೆ ಏನೂ ಉಳಿಯುವುದಿಲ್ಲ.

ಆಸೆಯನ್ನು ಕಾಪಾಡಿಕೊಂಡು ಚಪಲವನ್ನು ತಡೆಯಲು ಕೆಲವು ಸಾಮಾನ್ಯ ಉಪಾಯಗಳುಂಟು. ಮನಸ್ಸಿಗೆ ಬಂದ ವಸ್ತುವಿನ ಹೆಸರು, ಬೆಲೆ, ದಿನಾಂಕ, ಕಾರಣ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ೪೮ ದಿನಗಳ ಒಂದು ಮಂಡಲ ಕಾಯಬೇಕು. ಮಿರಜಿನ ದಾರಿ ಮಾಡುತ್ತಿದ್ದ ಕೆಲಸವನ್ನು ಈ ಮಂಡಲ ಮಾಡುತ್ತದೆ. ಬಳಿಕ ಒಂದು ಪ್ರಶ್ನೆ: ಇದಿಲ್ಲದೆ ನನ್ನ ಯಾವ ಪಾಠ, ಯಾವ ಕೃತಿ ನಿಂತುಹೋಗಿದೆ? ಉತ್ತರವಾಗಿ ಒಂದು ಕೃತಿಯ ಹೆಸರು ಬಂದರೆ ಕೊಳ್ಳುವುದಕ್ಕೆ ಕಾರಣವಿದೆ. ವಸ್ತುವಿನ ಗುಣಗಾನವೇ ಬಂದರೆ ಇನ್ನೊಂದು ಮಂಡಲ ಕಾಯಬಹುದು. ಮೂರನೆಯದಾಗಿ, ಗುರುಗಳಿಗೆ ತೋರಿಸದೆ, ಎರವಲು ತಂದೋ ಬಾಡಿಗೆಗೆ ಪಡೆದೋ ಕೆಲವು ವಾರ ನುಡಿಸಿ ನೋಡದೆ ಯಾವ ವಾದ್ಯವನ್ನೂ ಕೊಳ್ಳಬಾರದು. ನಾಲ್ಕನೆಯದಾಗಿ, ಬೆಲೆಯ ಜೊತೆಗೆ ಪಾಲನೆಯ ವೆಚ್ಚವನ್ನೂ ಕೂಡಿಸಬೇಕು. ವೀಣೆಯ ೨೪ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಕೆಲವು ವರ್ಷಕ್ಕೊಮ್ಮೆ ಮೇಳ ಕಟ್ಟಿಸಬೇಕು, ತಂತಿ ಬದಲಿಸಬೇಕು, ಮನೆಯಲ್ಲಿ ಅದಕ್ಕೊಂದು ಜಾಗವಿರಬೇಕು.

ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ, ಗವುಸು ಹೊದ್ದು ಮೂಲೆಯಲ್ಲಿ ಒರಗಿರುವ ವೀಣೆಯೋ ಹಾರ್ಮೋನಿಯಮ್ಮೋ ಎಷ್ಟೋ ಮನೆಗಳಲ್ಲಿದೆ. ಅಜ್ಜಿಯದೋ ಅತ್ತೆಯದೋ ಆಗಿರಬಹುದು. ಹಳೆಯದಾಯಿತೆಂದು ಹೊಸದರ ಯೋಚನೆ ನಡೆದಿರಬಹುದು. ಹೊಸದಕ್ಕೆ ಹಣ ಕಟ್ಟುವ ಮೊದಲು ಅದರ ಗವುಸು ತೆಗೆದು, ಧೂಳು ಒರೆಸಿ, ಬಲ್ಲವರಿಂದ ದುರಸ್ತಿ ಮಾಡಿಸಿ, ಸರಳೆಯನ್ನೇ ಆದರೂ ಸರಿ, ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ನುಡಿಸಿ ನೋಡಿ. ಹೊಸ ವಾದ್ಯ ಬೇಕೋ ಬೇಡವೋ ಎಂಬುದು ಆಗ ನಿಮ್ಮ ಬೆರಳಿಗೇ ತಿಳಿಯುತ್ತದೆ.