ಸೈನ್ಯದ ದಾದಿಯರು

ಸೈನ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ಬಂದೂಕು ಹಿಡಿದ ಸಿಪಾಯಿ. ಆ ಸಿಪಾಯಿ ಗಾಯಗೊಂಡು ಬಿದ್ದಾಗ ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಕೈ ಯಾರದು ಎಂದು ನಾವು ಯೋಚಿಸುವುದು ಕಡಿಮೆ. ವೈದ್ಯರು ಶಸ್ತ್ರಕ್ರಿಯೆ ಮುಗಿಸಿ ಮುಂದಿನ ರೋಗಿಯ ಕಡೆಗೆ ಹೋಗುತ್ತಾರೆ. ಅನಂತರದ ಹಗಲು ರಾತ್ರಿಗಳ ಭಾರ ದಾದಿಯದು. ಸೈನ್ಯದ ದಾದಿಯರ ಕೆಲಸವೆಂಥದು, ಅವರ ಸ್ಥಾನಮಾನವೇನು, ಅಲ್ಲಿಗೆ ಸೇರುವ ದಾರಿ ಯಾವುದು ಎಂಬುದನ್ನು ಈ ಬರಹದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹೀಗೆ ಬರೆಯುವುದಕ್ಕೆ ಕಾರಣವುಂಟು. ಊರು ಬಿಟ್ಟು ಮುಂಬಯಿಗೆ ಬಂದು ಕಾರಖಾನೆ, ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮವರ ಮನೆಗಳಲ್ಲಿ ಹನ್ನೆರಡನೆಯ ಇಯತ್ತೆ ಓದುವ ಹೆಣ್ಣುಮಕ್ಕಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬಳು ಸೈನ್ಯದ ಆಸ್ಪತ್ರೆಗೆ ಸೇರುತ್ತೇನೆಂದರೆ, "ಮಿಲಿಟರಿ ಬೇರೆ, ಅದರಲ್ಲಿ ನರ್ಸು ಬೇರೆ!" ಎಂದು ಹಿರಿಯರು ಮಾತು ಮುಗಿಸಿಬಿಡುತ್ತಾರೆ. ಈ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳು ಅಡಗಿವೆ. ದಾದಿಯ ಕೆಲಸವೆಂದರೆ ಹೇಳಿದ್ದನ್ನು ಮಾಡುವ ಕೈಕೆಳಗಿನ ಚಾಕರಿ ಎಂಬುದು ಒಂದು. ಸೈನ್ಯದಲ್ಲಿ ಹೆಂಗಸಿಗೆ ಗೌರವದ ಸ್ಥಾನವಿಲ್ಲ ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷಿಸಿ ನೋಡೋಣ.

ಸೇವೆ ಬೆಳೆದ ಬಗೆ

ಈ ಸೇವೆಯ ಮೊದಲ ಹೆಜ್ಜೆ ಬಿದ್ದದ್ದು ನಮ್ಮ ಮುಂಬಯಿ ಬಂದರಿನಲ್ಲಿ. 1888ರಲ್ಲಿ ಇಂಗ್ಲೆಂಡಿನಿಂದ ತರಬೇತಾದ ದಾದಿಯರ ಒಂದು ಚಿಕ್ಕ ತಂಡ ಇಲ್ಲಿ ಹಡಗಿನಿಂದಿಳಿಯಿತು. ಅವರ ಮುಂದಾಳು ಕ್ಯಾಥರಿನ್ ಲೋಕ್ ಎಂಬಾಕೆ. ಅಂದು ದಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ತರಬೇತಿಯಿಲ್ಲದ ಸಿಪಾಯಿಗಳು. ಬಂದ ದಾದಿಯರಾದರೂ ಬ್ರಿಟಿಷ್ ಸೈನಿಕರ ಸೇವೆಗೆಂದೇ ಬಂದವರು.

ಭಾರತೀಯ ಮಿಲಿಟರಿ ನರ್ಸಿಂಗ್ ಸೇವೆ ಎಂಬ ಕಾಯಂ ಸಂಸ್ಥೆ ಹುಟ್ಟಿದ್ದು 1926ರ ಅಕ್ಟೋಬರ್ 1ರಂದು. ಈಗಲೂ ಆ ದಿನವನ್ನು ಸೇವೆಯ ಸ್ಥಾಪನಾ ದಿನವಾಗಿ ಆಚರಿಸುತ್ತಾರೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಸರಕಾರವು ಒಂದು ಸುಗ್ರೀವಾಜ್ಞೆ ಹೊರಡಿಸಿ ಈ ಸೇವೆಯನ್ನು ಸಶಸ್ತ್ರ ಪಡೆಗಳ ಅಂಗವೆಂದು ಸಾರಿತು. ಇದರ ಸದಸ್ಯರೆಲ್ಲರೂ ಕಮಿಶನ್ ಪಡೆದ ಅಧಿಕಾರಿಗಳು ಎಂದು ಅದರಲ್ಲಿಯೇ ಬರೆದಿದೆ. ನಮ್ಮ ವಾಚಕರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. ಸೈನ್ಯದ ದಾದಿ ಸೇವೆಗೆ ಸೇರುವುದೇ ಲೆಫ್ಟಿನೆಂಟ್ ಆಗಿ. ಮುಂದೆ ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್, ಕರ್ನಲ್, ಬ್ರಿಗೇಡಿಯರ್ ಎಂದು ಮೆಟ್ಟಿಲುಗಳಿವೆ. ಕೊನೆಯ ಮೆಟ್ಟಿಲು ಮೇಜರ್ ಜನರಲ್.

1976ರಲ್ಲಿ ಜಿ. ಎ. ರಾಮ್ ಎಂಬ ಮಹಿಳೆ ಮೇಜರ್ ಜನರಲ್ ಆದರು. ಭಾರತೀಯ ಸೈನ್ಯದಲ್ಲಿ ಆ ಪದವಿಗೇರಿದ ಮೊದಲನೆಯ ಹೆಂಗಸು ಅವರು. ಬಂದದ್ದು ದಾದಿಯರ ಸೇವೆಯಿಂದ. ಸೈನ್ಯದ ಉಳಿದ ಹಲವು ವಿಭಾಗಗಳು ಹೆಂಗಸರಿಗೆ ಬಾಗಿಲು ತೆರೆದದ್ದು 1992ರಿಂದ ಈಚೆಗೆ. ಅದಕ್ಕೆ ಎಷ್ಟೋ ಮೊದಲೇ ದಾದಿಯರು ಆ ಎತ್ತರ ಮುಟ್ಟಿದ್ದರು.

ಗಾಯಾಳು ಬರುವ ದಾರಿ

ಗಡಿಯಲ್ಲಿ ಒಬ್ಬ ಸಿಪಾಯಿಗೆ ಗುಂಡು ತಗಲಿತೆನ್ನಿ. ಅವನು ನೇರವಾಗಿ ದೊಡ್ಡ ಆಸ್ಪತ್ರೆಗೆ ಬರುವುದಿಲ್ಲ. ಜೊತೆಯವರು ಮೊದಲು ರಕ್ತ ನಿಲ್ಲಿಸಲು ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ. ಅಲ್ಲಿಂದ ಪಲಟನಿನ ವೈದ್ಯರಿರುವ ಠಾಣೆ, ಅದರ ಹಿಂದೆ ಇನ್ನೊಂದು ಚಿಕಿತ್ಸಾ ಕೇಂದ್ರ, ಆಮೇಲೆ ಶಸ್ತ್ರಕ್ರಿಯೆ ನಡೆಯುವ ಫೀಲ್ಡ್ ಆಸ್ಪತ್ರೆ, ಕೊನೆಗೆ ವಿಮಾನದಲ್ಲೋ ರೈಲಿನಲ್ಲೋ ಕಮಾಂಡ್ ಆಸ್ಪತ್ರೆ. ಮುಂದಿನ ಸಾಲಿನ ಠಾಣೆಗಳಲ್ಲಿ ವೈದ್ಯರಿಗೆ ನೆರವಾಗುವವರು ಸೈನ್ಯದ ವೈದ್ಯಕೀಯ ದಳದ ನರ್ಸಿಂಗ್ ಅಸಿಸ್ಟೆಂಟರು. ದಾದಿ ಅಧಿಕಾರಿಗಳ ಕೆಲಸ ಆಸ್ಪತ್ರೆಗಳಲ್ಲಿ.

ಒಮ್ಮೆಗೇ ಹತ್ತಾರು ಗಾಯಾಳುಗಳು ಬಂದರೆ ಮೊದಲು ಯಾರನ್ನು ನೋಡಬೇಕು? ಸಾಮಾನ್ಯರಾದ ನಾವು ಹೆಚ್ಚು ಕೂಗುವವನ ಕಡೆಗೆ ಓಡುತ್ತೇವೆ. ತರಬೇತಾದ ದಾದಿ ಸುಮ್ಮನೆ ಮಲಗಿದವನನ್ನೂ ಗಮನಿಸುತ್ತಾಳೆ. ಕೂಗುವವನಿಗೆ ಉಸಿರುಂಟು, ಎಚ್ಚರವುಂಟು. ಮೌನವಾಗಿರುವವನ ಮೈ ತಣ್ಣಗಾಗಿ, ನಾಡಿ ಬಿರುಸಾಗಿ ಕ್ಷೀಣಿಸಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ತಕ್ಷಣ ಶಸ್ತ್ರಕ್ರಿಯೆ ಬೇಕಾದವರು, ಕೊಂಚ ಕಾಯಬಲ್ಲವರು, ಸಣ್ಣ ಗಾಯದವರು ಎಂದು ವಿಂಗಡಿಸುವ ಈ ಕೆಲಸದಲ್ಲಿ ವೈದ್ಯರ ಜೊತೆಗೆ ದಾದಿಯ ಕಣ್ಣೂ ಬೇಕು. ಇಲ್ಲಿ ತಪ್ಪಿದರೆ ಒಂದು ಜೀವ ಹೋದೀತು. ಇಂಥ ಕೆಲಸವನ್ನು ಚಾಕರಿಯೆಂದು ಹೇಗೆ ಕರೆಯುವುದು?

ವಾರ್ಡಿನಲ್ಲಿ

ಯುದ್ಧವಿಲ್ಲದ ಕಾಲದಲ್ಲಿಯೂ ಸೈನ್ಯದ ಆಸ್ಪತ್ರೆಗೆ ಬಿಡುವಿಲ್ಲ. ಸೈನಿಕರು, ಅವರ ಹೆಂಡಿರು ಮಕ್ಕಳು, ನಿವೃತ್ತರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಆದ್ದರಿಂದ ಸೈನ್ಯದ ದಾದಿ ಗುಂಡಿನ ಗಾಯವನ್ನು ಕಂಡಷ್ಟೇ ಹೆರಿಗೆಯನ್ನೂ, ಕೂಸಿನ ಜ್ವರವನ್ನೂ, ಮುದುಕರ ಹೃದಯದ ಬೇನೆಯನ್ನೂ ಕಾಣುತ್ತಾಳೆ.

ಸೈನ್ಯಕ್ಕೇ ವಿಶೇಷವಾದ ಬೇನೆಗಳೂ ಉಂಟು. ಹಿಮಾಲಯದ ಠಾಣೆಗಳಲ್ಲಿ ಚಳಿಗೆ ಕೈಕಾಲಿನ ಬೆರಳುಗಳು ಹೆಪ್ಪುಗಟ್ಟಿ ಮರಗಟ್ಟುವುದುಂಟು. ಅವನ್ನು ತಿಕ್ಕಕೂಡದು, ಬೆಂಕಿಗೆ ಹಿಡಿಯಕೂಡದು. 37ರಿಂದ 39 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಅದ್ದಿ ಕಾಯಿಸಬೇಕು. ಮರಗಟ್ಟಿದ ಬೆರಳಿಗೆ ಬಿಸಿ ತಿಳಿಯದು. ನೀರು ಹೆಚ್ಚು ಕಾದರೆ ಚರ್ಮ ಬೆಂದರೂ ರೋಗಿಗೆ ಗೊತ್ತಾಗದು. ಆದ್ದರಿಂದ ಉಷ್ಣಮಾಪಕ ಹಿಡಿದು ನೀರಿನ ಬಿಸಿಯನ್ನು ಕಾಯುತ್ತಲೇ ಇರಬೇಕು. ರಕ್ತ ಮರಳಿ ಹರಿಯತೊಡಗಿದಾಗ ನೋವು ಬಹಳ. ಅದಕ್ಕೂ ಔಷಧ ಸಿದ್ಧವಿರಬೇಕು. ಎತ್ತರದ ಇನ್ನೊಂದು ಬೇನೆಯಲ್ಲಿ ಗಟ್ಟಿಮುಟ್ಟಾದ ತರುಣನ ಶ್ವಾಸಕೋಶದಲ್ಲಿಯೇ ನೀರು ತುಂಬಿಕೊಳ್ಳುತ್ತದೆ. ಮೊದಲ ಲಕ್ಷಣ ಬರೇ ಕೆಮ್ಮು, ಏದುಸಿರು. ಆಗಲೇ ಗುರುತಿಸಿ ಆಮ್ಲಜನಕ ಕೊಟ್ಟು ಕೆಳಗಿನ ಊರಿಗೆ ಇಳಿಸಿದರೆ ಬದುಕುತ್ತಾನೆ, ತಡವಾದರೆ ಕೈತಪ್ಪುತ್ತಾನೆ.

ಎಲ್ಲಕ್ಕಿಂತ ತಾಳ್ಮೆಯ ಕೆಲಸ ಬೆನ್ನುಹುರಿಗೆ ಪೆಟ್ಟು ಬಿದ್ದವರದು. ಸೊಂಟದ ಕೆಳಗೆ ಸ್ಪರ್ಶಜ್ಞಾನವೇ ಇಲ್ಲದ ಮನುಷ್ಯ ಒಂದೇ ಮಗ್ಗುಲಲ್ಲಿ ಮಲಗಿದರೆ ಒತ್ತಿದ ಜಾಗದಲ್ಲಿ ರಕ್ತ ಹರಿಯದೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಅವನಿಗೆ ನೋವಾಗುವುದಿಲ್ಲ, ಆದ್ದರಿಂದ ಅವನು ಹೇಳುವುದೂ ಇಲ್ಲ. ಆ ಹುಣ್ಣಿನ ನಂಜು ಪ್ರಾಣಕ್ಕೇ ಎರವಾದೀತು. ಹಾಸಿಗೆ ಹಿಡಿದ ಇಂಥವನನ್ನು ಸಾಧಾರಣವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಹಿಮ್ಮಡಿ, ಸೊಂಟ, ಪೃಷ್ಠಗಳನ್ನು ನೋಡಬೇಕು. ದಿನಕ್ಕೆ ಹನ್ನೆರಡು ಸಲ, ತಿಂಗಳುಗಟ್ಟಲೆ. ಈ ಕೆಲಸಕ್ಕೆ ಪದಕವಿಲ್ಲ. ಹುಣ್ಣು ಆಗಲಿಲ್ಲವೆಂಬುದೇ ಇದರ ಫಲ. ಆಗದೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಸೈನಿಕರಿಗಾಗಿ ಪುಣೆಯ ಖಡಕಿಯಲ್ಲಿ 1974ರಲ್ಲಿ ಒಂದು ಪುನರ್ವಸತಿ ಕೇಂದ್ರ ಆರಂಭವಾಯಿತು. ಕೈಕಾಲು ಕಳೆದುಕೊಂಡವರಿಗೆ ಪುಣೆಯಲ್ಲಿಯೇ ಕೃತಕ ಅಂಗಗಳ ಕೇಂದ್ರವಿದೆ. ಅದು 1944ರಷ್ಟು ಹಳೆಯದು. ಕಾಲು ಕತ್ತರಿಸಿದ ಮೇಲೂ "ಕಾಲು ನೋಯುತ್ತದೆ, ಬೆರಳು ಉರಿಯುತ್ತದೆ" ಎಂದು ಹೇಳುವ ರೋಗಿಗಳಿದ್ದಾರೆ. ಇದು ಮನಸ್ಸಿನ ಭ್ರಮೆಯಲ್ಲ. ಕತ್ತರಿಸಿದ ನರಗಳೂ ಮಿದುಳೂ ಉಂಟುಮಾಡುವ ನಿಜವಾದ ನೋವು. ಅದನ್ನು ನಂಬುವವರು ಹತ್ತಿರವಿದ್ದರೆ ಅರ್ಧ ಧೈರ್ಯ ಬಂದಂತೆ.

ಮದುವೆಯ ಮಾತು

ಈ ಸೇವೆಯಲ್ಲಿ ಎಲ್ಲವೂ ಮೊದಲಿನಿಂದ ಸರಿಯಾಗಿತ್ತೆಂದು ನಾವು ಹೇಳುವುದಿಲ್ಲ. ದಾದಿಯಾದವಳು ಮದುವೆಯಾದರೆ ಕೆಲಸದಿಂದ ತೆಗೆಯಬಹುದೆಂಬ ನಿಯಮ ಬಹುಕಾಲ ಇತ್ತು. 1977ರ ಸೈನ್ಯದ ಒಂದು ಸೂಚನೆಯಲ್ಲಿ ಸೇವೆ ಮುಗಿಸಲು ಕಾರಣಗಳನ್ನು ಪಟ್ಟಿ ಮಾಡಿದ್ದರು. ದೇಹಸ್ಥಿತಿ ಅಯೋಗ್ಯವಾಗುವುದು, ಮದುವೆಯಾಗುವುದು, ದುರ್ನಡತೆ, ಎಲ್ಲ ಒಂದೇ ಪಟ್ಟಿಯಲ್ಲಿ! ಗಂಡಸಾದ ಅಧಿಕಾರಿಗೆ ಇಂಥ ಕಟ್ಟು ಇರಲಿಲ್ಲ. ಆ ಸೂಚನೆಯನ್ನು 1995ರಲ್ಲಿ ಹಿಂತೆಗೆದುಕೊಂಡರು.

ಅದಕ್ಕೆ ಮೊದಲು, 1988ರಲ್ಲಿ, ಮದುವೆಯಾದ ಕಾರಣಕ್ಕೆ ಒಬ್ಬ ಲೆಫ್ಟಿನೆಂಟ್ ಕೆಲಸ ಕಳೆದುಕೊಂಡರು; ಆಮೇಲೆ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದದ್ದು 2024ರ ಫೆಬ್ರವರಿಯಲ್ಲಿ. ಮದುವೆಯಾದಳೆಂದು ಹೆಂಗಸನ್ನು ಕೆಲಸದಿಂದ ತೆಗೆಯುವುದು ಹೆಣ್ಣು ಗಂಡೆಂಬ ತಾರತಮ್ಯ, ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಸಾರಿ, 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಮೂವತ್ತಾರು ವರ್ಷ ಕಾದವರಿಗೆ ದೊರೆತ ನ್ಯಾಯವಿದು. "ಸೈನ್ಯ ಸೇರಿದರೆ ಮಗಳ ಮದುವೆಯ ಗತಿಯೇನು?" ಎಂದು ಕೇಳುವ ತಾಯಂದಿರು ಇದನ್ನು ತಿಳಿದಿರಬೇಕು. ತರಬೇತಿಯ ವರ್ಷಗಳಲ್ಲಿ ಮದುವೆ ಕೂಡದು. ಕಮಿಶನ್ ದೊರೆತ ಮೇಲೆ ಮದುವೆ ಕೆಲಸಕ್ಕೆ ಅಡ್ಡಿಯಲ್ಲ.

ಇನ್ನೊಂದು ತೀರ್ಪು ನಮ್ಮ ನಾಡಿನದೇ. 1943ರ ಸುಗ್ರೀವಾಜ್ಞೆಯಂತೆ ಈ ಸೇವೆ ಹೆಂಗಸರಿಗೆ ಮಾತ್ರ ಮೀಸಲು. ಗಂಡಸರಾದ ದಾದಿಯರು ಇದನ್ನು ಪ್ರಶ್ನಿಸಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಆ ಸಂಪೂರ್ಣ ಮೀಸಲಾತಿ ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ತೀರ್ಪಿತ್ತಿತು. ಆವರೆಗಿನ ನೇಮಕಗಳಿಗೆ ಕೈ ಹಚ್ಚಲಿಲ್ಲ. ನರ್ಸಿಂಗ್ ಓದಿದ ಗಂಡುಮಕ್ಕಳು ಮುಂದಿನ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು.

ಸೇರುವ ದಾರಿ

ಸೇರುವ ಬಾಗಿಲುಗಳು ಎರಡು. ಮೊದಲನೆಯದು ಹನ್ನೆರಡನೆಯ ಇಯತ್ತೆ ಮುಗಿಸಿದವರಿಗೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಇತ್ತೀಚಿನ ವರ್ಷಗಳ ಪ್ರಕಟಣೆಗಳಂತೆ ನೀಟ್ ಪರೀಕ್ಷೆಯ ಅಂಕಗಳ ಮೇಲೆ ಮೊದಲ ಆಯ್ಕೆ. ಅನಂತರ ಸೈನ್ಯದ ಸ್ವಂತ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಆಯ್ಕೆಯಾದವರು ನಾಲ್ಕು ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದುತ್ತಾರೆ. ಸಶಸ್ತ್ರ ಪಡೆಗಳ ನರ್ಸಿಂಗ್ ಕಾಲೇಜುಗಳು ಆರು ಊರುಗಳಲ್ಲಿವೆ: ಪುಣೆ, ಮುಂಬಯಿ, ದಿಲ್ಲಿ, ಲಖನೌ, ಕಲಕತ್ತೆ, ಬೆಂಗಳೂರು. ಮುಂಬಯಿಯದು ಕೊಲಾಬಾದ ನೌಕಾ ಆಸ್ಪತ್ರೆ ಅಶ್ವಿನಿಯಲ್ಲಿ; ಬೆಂಗಳೂರಿನದು ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ. ಓದುವ ಕಾಲದಲ್ಲಿ ಊಟ ವಸತಿಗೆ ಹಣ ತೆರಬೇಕಿಲ್ಲ. ತಿಂಗಳಿಗಿಷ್ಟೆಂದು ವಿದ್ಯಾರ್ಥಿವೇತನವೂ ಉಂಟು. ಸಂಬಳದಲ್ಲಿ ತಿಂಗಳು ಕಳೆಯುವ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಎರಡನೆಯ ಬಾಗಿಲು ಬೇರೆಡೆ ನರ್ಸಿಂಗ್ ಪದವಿ ಪಡೆದು ಹೆಸರು ನೋಂದಾಯಿಸಿದವರಿಗೆ. ಅವರನ್ನು ಕೆಲವು ವರ್ಷಗಳ ಕಮಿಶನ್ನಿನ ಮೇಲೆ ತೆಗೆದುಕೊಳ್ಳುತ್ತಾರೆ. ವಯಸ್ಸು, ಅಂಕ, ಎತ್ತರಗಳ ನಿಯಮಗಳು ಬದಲಾಗುವುದುಂಟು. ಆಯಾ ವರ್ಷದ ಪ್ರಕಟಣೆಯನ್ನೇ ಓದಿ ನಿಶ್ಚಯಿಸಬೇಕು. ಹಳೆಯ ಮಾತನ್ನು ನೆಚ್ಚಬಾರದು.

ಎಚ್ಚರಿಕೆಯ ಒಂದು ಮಾತು. "ದಿಲ್ಲಿಯಲ್ಲಿ ನಮ್ಮವರಿದ್ದಾರೆ, ಇಷ್ಟು ಹಣ ಕೊಟ್ಟರೆ ಸೀಟು ಖಂಡಿತ" ಎನ್ನುವ ದಲ್ಲಾಳಿಗಳು ಎಲ್ಲ ಊರಿನಲ್ಲಿಯೂ ಇರುತ್ತಾರೆ. ಸೈನ್ಯದ ಭರ್ತಿಯಲ್ಲಿ ದಲ್ಲಾಳಿಗೆ ಕೆಲಸವಿಲ್ಲ. ಅರ್ಜಿ ಹೋಗುವುದು ಸೈನ್ಯದ ಪ್ರಕಟಣೆ ತೋರಿಸಿದ ದಾರಿಯಲ್ಲಿ ಮಾತ್ರ. ಅಂಥವರಿಗೆ ಒಂದು ಕಾಸನ್ನೂ ಕೊಡಬೇಡಿ.

ತೂಗಿ ನೋಡಬೇಕಾದದ್ದು

ಒಳ್ಳೆಯದನ್ನಷ್ಟೇ ಹೇಳಿ ಹುರಿದುಂಬಿಸುವುದು ನಮ್ಮ ಉದ್ದೇಶವಲ್ಲ. ತರಬೇತಿಗೆ ಸೇರುವಾಗ ಸೇವೆ ಸಲ್ಲಿಸುತ್ತೇನೆಂದು ಕರಾರು ಬರೆದುಕೊಡಬೇಕು. ನಡುವೆ ಬಿಟ್ಟರೆ ದಂಡ ತೆರಬೇಕು. ಈ ಕರಾರನ್ನು ತಂದೆತಾಯಿ ಇಬ್ಬರೂ ಓದಿಸಿಕೊಂಡು ಅರ್ಥಮಾಡಿಕೊಳ್ಳಬೇಕು. ಕೆಲವು ವರ್ಷಕ್ಕೊಮ್ಮೆ ವರ್ಗ ತಪ್ಪದು. ರಾತ್ರಿಯ ಪಾಳಿಯುಂಟು. ಹಬ್ಬಕ್ಕೆ ಮನೆಗೆ ಬರಲಾಗದು. ಬೇಕೆಂದಾಗ ರಾಜೀನಾಮೆ ಕೊಟ್ಟು ಹೊರಬರಲಾಗದು. ಇಪ್ಪತ್ತೆರಡರ ಹುಡುಗಿ ತನ್ನ ವಯಸ್ಸಿನ ಸಿಪಾಯಿಯ ಸಾವನ್ನು ಕಂಡು ಮರುಗಳಿಗೆ ಮುಂದಿನ ಹಾಸಿಗೆಗೆ ಹೋಗಬೇಕಾದೀತು. ಇದನ್ನು ತಾಳುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ; ಇಲ್ಲದಿದ್ದರೆ ಅದು ದೋಷವೂ ಅಲ್ಲ.

ಆದರೆ ಪರಸ್ಥಳದಲ್ಲಿ ಬದುಕು ಕಟ್ಟುವುದು, ಗೊತ್ತಿಲ್ಲದ ಭಾಷೆಯವರೊಡನೆ ಹೊಂದಿ ನಡೆಯುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕಲಿತ ಹುಡುಗಿಗೆ ನಾನಾ ಪ್ರಾಂತಗಳ ಸಿಪಾಯಿಗಳಿರುವ ವಾರ್ಡಿನಲ್ಲಿ ಆ ಭಾಷೆಗಳೇ ಬಂಡವಾಳ. ನೋವಿನಲ್ಲಿರುವವನಿಗೆ ತನ್ನ ನುಡಿಯ ಒಂದು ಮಾತು ಕೇಳಿಸಿದರೆ ಔಷಧದಷ್ಟೇ ಹಿತ.

ನಮ್ಮ ವಾಚನಾಲಯದ ಮೇಜಿನ ಮೇಲೆ ನೌಕರಿಯ ಪತ್ರಿಕೆಗಳು ಇರುತ್ತವೆ. ಮಗಳನ್ನೋ ತಂಗಿಯನ್ನೋ ಕರೆತಂದು ಓದಿಸಿರಿ. ಇಂಗ್ಲಿಷ್ ಪ್ರಕಟಣೆ ತಿಳಿಯದಿದ್ದರೆ ಬಲ್ಲವರು ಓದಿ ಹೇಳುತ್ತಾರೆ. ಎಲ್ಲವನ್ನೂ ತಿಳಿದ ಮೇಲೆ ಅವಳು ಬೇಡವೆಂದರೆ ಅದು ಅವಳ ಇಚ್ಛೆ. ಏನೂ ತಿಳಿಯದೆ ನಾವೇ ಅವಳ ಪರವಾಗಿ ಬೇಡವೆಂದುಬಿಡುವುದು ಸಲ್ಲದು.