706 ಮೀಟರಿನ ಬೆಟ್ಟಕ್ಕೆ ಇಡೀ ಒಂದು ದಿನ

ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯ ಕೇತ್‌ನೆಸ್ ಸೀಮೆಯಲ್ಲಿ ಮಾರ್ವೆನ್ ಎಂಬ ಬೆಟ್ಟವಿದೆ. ಎತ್ತರ 706 ಮೀಟರ್. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಾಗಾಗಿ ಮುಳ್ಳಯ್ಯನಗಿರಿ ಹತ್ತಿಳಿದವರಿಗೆ ಈ ಅಂಕಿ ಲೆಕ್ಕಕ್ಕೇ ಬರಲಿಕ್ಕಿಲ್ಲ. ಆದರೆ ಕೇತ್‌ನೆಸ್‌ನಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಸುತ್ತ ಮರಗಳಿಲ್ಲದ ಜೌಗು ಬಯಲು, ನಡುವೆ ಉರುಟುಗಲ್ಲುಗಳು ಬೆಸೆದು ಗಟ್ಟಿಯಾದ ಡಿವೋನಿಯನ್ ಯುಗದ ಬಂಡೆಯ ಶಂಕುವಿನಾಕಾರದ ಶಿಖರ. ಬ್ರೇಮೋರ್ ಎಂಬಲ್ಲಿ ಡಾಂಬರು ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ನಡಿಗೆಯೇ.

ಇಂಥ ಬೆಟ್ಟಕ್ಕೆ ಹೊರಡುವವರು ಮೊದಲು ಕೂತು ಲೆಕ್ಕ ಹಾಕಬೇಕು. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಒಂದು ಸೂತ್ರ ಕೊಟ್ಟರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, 600 ಮೀಟರ್ ಏರಿಗೆ ಒಂದು ಗಂಟೆ. ಮಾರ್ವೆನ್‌ಗೆ ಹೋಗಿ ಬರುವ ದಾರಿ ಸುಮಾರು 16 ಕಿಲೋಮೀಟರ್, ಏರು 600 ಮೀಟರಿನ ಆಸುಪಾಸು. ಅಂದರೆ ನಾಲ್ಕೂಕಾಲು ಗಂಟೆಯೊಳಗೆ ಮುಗಿಯಬೇಕು.

ಮುಗಿಯುವುದಿಲ್ಲ. ನೈಸ್ಮಿತ್ ಸೂತ್ರಕ್ಕೆ ದೂರ ಗೊತ್ತು, ಎತ್ತರ ಗೊತ್ತು, ಕಾಲಡಿಯ ನೆಲ ಗೊತ್ತಿಲ್ಲ. ಭೂಗೋಳಜ್ಞ ವಾಲ್ಡೊ ಟಾಬ್ಲರ್ 1993ರಲ್ಲಿ ಕೊಟ್ಟ ಸಮೀಕರಣ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ: ಕಾಲುದಾರಿ ಇಲ್ಲದ ಕಡೆ ವೇಗವನ್ನು 0.6ರಿಂದ ಗುಣಿಸಬೇಕು. ಐದು ಕಿಲೋಮೀಟರಿನ ವೇಗ ಮೂರಕ್ಕೆ ಇಳಿಯುತ್ತದೆ. ಮಾರ್ವೆನ್ ದಾರಿಯಲ್ಲಿ ಹೋಗಿಬರುವಾಗ ಸುಮಾರು ಐದು ಕಿಲೋಮೀಟರ್ ಹಾಗೆ ದಾರಿಯಿಲ್ಲದ ನೆಲವೇ. ಅಲ್ಲಿಗೆ ಲೆಕ್ಕ ಐದು ಗಂಟೆ ಮುಟ್ಟಿತು. ಊಟ, ವಿಶ್ರಾಂತಿ, ಕಡಿದಾದ ಇಳಿಜಾರಿನ ಎಚ್ಚರದ ಹೆಜ್ಜೆಗಳನ್ನು ಸೇರಿಸಿದರೆ ಆರು ದಾಟಬಹುದು. ದೇಹ ಸುಡುವ ಶಕ್ತಿಯೂ ಹೆಚ್ಚು. 1977ರಲ್ಲಿ ಪ್ಯಾಂಡಾಲ್ಫ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕರಣದಲ್ಲಿ ಗಟ್ಟಿ ರಸ್ತೆಯ ಗುಣಾಂಕ 1 ಆದರೆ ಜೌಗಿನದು 1.8. ಬುತ್ತಿ ಕಟ್ಟುವಾಗ ನೆನಪಿನಲ್ಲಿಡಬೇಕಾದ ಸಂಖ್ಯೆ ಇದು.

ಈ ನೆಲ ಹೀಗೇಕೆ? ಕಾರಣ ಸ್ಫ್ಯಾಗ್ನಮ್ ಎಂಬ ಹಾವಸೆ. ಅದರ ಎಲೆಗಳಲ್ಲಿ ಸತ್ತು ಟೊಳ್ಳಾದ ಕೋಶಗಳಿವೆ. ತನ್ನ ಒಣ ತೂಕದ ಇಪ್ಪತ್ತು ಪಟ್ಟು ನೀರನ್ನು ಅದು ಹಿಡಿದಿಡಬಲ್ಲದು. ಸುತ್ತಲಿನ ನೀರನ್ನು ಆಮ್ಲೀಯವಾಗಿಸುವುದೂ ಅದೇ. ಆಮ್ಲಜನಕವಿಲ್ಲದ, ತಣ್ಣಗಿನ, ಹುಳಿ ನೀರಿನಲ್ಲಿ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರ ಬಿದ್ದು ಪೀಟ್ ಆಗುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುವ ಈ ಕಪ್ಪು ಮಣ್ಣು ಒಂದು ಮೀಟರ್ ದಪ್ಪವಾಗಲು ಸಾವಿರ ವರ್ಷ ಬೇಕು. ಈ ಸೀಮೆಯ ಫ್ಲೋ ಕಂಟ್ರಿ ಎಂಬ ಪೀಟ್ ಬಯಲಿನಲ್ಲಿ ಕೆಲವೆಡೆ ಅದರ ಆಳ ಹತ್ತು ಮೀಟರ್. 2024ರ ಜುಲೈಯಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು; ಆ ಅಧಿವೇಶನ ನಡೆದದ್ದು ನಮ್ಮ ದೆಹಲಿಯಲ್ಲೇ. ಅಷ್ಟು ಹಳೆಯ ಮಣ್ಣಿನ ಮೇಲೆ ಬೂಟುಗಾಲು ಇಡುವಾಗ ದಾರಿಯಿದ್ದಷ್ಟು ದೂರ ದಾರಿ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾರಿ ಮುಗಿದ ಮೇಲೆ ಗಿಡಗಳೇ ನಕಾಶೆ. ಹೆದರ್ ಎಂಬ ಕುರುಚಲು ಬೆಳೆದ ದಿಬ್ಬ ಒಂದಿಷ್ಟು ಒಣಗಿರುತ್ತದೆ. ಬಿಳಿ ತುಪ್ಪಳದ ಹತ್ತಿಹುಲ್ಲು ಕಂಡರೆ ಒದ್ದೆ. ಕಣ್ಣಿಗೆ ತಂಪಾದ ಎಳೆಹಸಿರು ಹಾವಸೆಯ ಹಾಸು ಕಂಡರೆ ಸುತ್ತು ಬಳಸಿ ಹೋಗಿ. ಅದರಡಿ ನೀರು ಎಷ್ಟು ಆಳವೆಂದು ಮೇಲಿನಿಂದ ತಿಳಿಯದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಇಷ್ಟು ನೀರು ಹಿಡಿಯುವ ನೆಲ ಮಳೆಯನ್ನೂ ಹೀರಿಕೊಂಡೀತು ಅನ್ನಿಸುತ್ತದೆ. ಆಗುವುದು ತಿರುಗಾ ಮುರುಗಾ. ಪೀಟ್ ಆಗಲೇ ನೆನೆದು ಕೂತಿರುವ ಹತ್ತಿ ಹಾಸಿಗೆ. ಬಹುಕಾಲ ನೀರಿನ ಮಟ್ಟ ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಕೆಳಗಿರುತ್ತದೆ. ಜೋರು ಮಳೆ ಬಂದರೆ ಹರಿದು ತೊರೆ ಸೇರದೆ ಬೇರೆ ಗತಿಯಿಲ್ಲ. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ತೊರೆ ಮಧ್ಯಾಹ್ನದ ಹೊತ್ತಿಗೆ ದಾಟಲಾಗದಂತೆ ಉಕ್ಕಬಹುದು. ಹಾಗಾಗಿ ಮಳೆಯ ಮುನ್ಸೂಚನೆ ಓದುವಾಗ ಎಷ್ಟು ಮಳೆ ಎಂಬುದರ ಜೊತೆಗೆ ಎಷ್ಟು ಗಂಟೆಗೆ ಎಂಬುದನ್ನೂ ನೋಡಿ.

ಚಳಿಯ ಲೆಕ್ಕ ಸುಲಭ. ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ತಾಪಮಾನ ಇಳಿಯುತ್ತದೆ. ಕೆಳಗೆ 9 ಡಿಗ್ರಿ ಇದ್ದರೆ ಶಿಖರದಲ್ಲಿ 5. ಅಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಮೈಗೆ ಅದು ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿದ್ದಂತೆ. ಬಟ್ಟೆ ನೆನೆದಿದ್ದರೆ ಇನ್ನೂ ಕಷ್ಟ. ನೀರು ನಿಂತ ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಗಾಳಿಯಿಂದ ಒಂದು ಉಪಕಾರವೂ ಉಂಟು: ಅದು ಬೀಸುತ್ತಿರುವಷ್ಟು ಹೊತ್ತು ಬೇಸಿಗೆಯ ಮಿಜ್ ನೊರಜುಗಳು ಹಾರಲಾರವು.

ಮಂಜು ಎಲ್ಲಕ್ಕಿಂತ ಗಂಭೀರ. 1942ರ ಆಗಸ್ಟ್ 25ರಂದು ಇದೇ ಬ್ರೇಮೋರ್ ಬಳಿಯ ಗುಡ್ಡಕ್ಕೆ ಸಂಡರ್ಲೆಂಡ್ ವಿಮಾನವೊಂದು ಮೋಡದಲ್ಲಿ ಬಡಿದು, ಬ್ರಿಟಿಷ್ ದೊರೆಯ ತಮ್ಮ ಕೆಂಟ್ ಡ್ಯೂಕ್ ಜಾರ್ಜ್ ಸೇರಿ 14 ಜನ ಸತ್ತರು. ಶಂಕುವಿನಂಥ ಶಿಖರದಲ್ಲಿ ನಡೆಯುವವರಿಗೂ ಅಪಾಯವಿದೆ, ಏಕೆಂದರೆ ಮಂಜಿನಲ್ಲಿ ಎಲ್ಲ ದಿಕ್ಕಿನ ಇಳಿಜಾರೂ ಒಂದೇ ಥರ. ಇಳಿಯುವಾಗ 20 ಡಿಗ್ರಿ ತಪ್ಪಿದರೆ ಎರಡೂವರೆ ಕಿಲೋಮೀಟರ್ ನಡೆಯುವಷ್ಟರಲ್ಲಿ ನೀವು ಸೇರಬೇಕಾದ ಜಾಗದಿಂದ 870 ಮೀಟರ್ ಆಚೆ ಇರುತ್ತೀರಿ. ಅನುಭವಿಗಳು ದಾರಿಯ ತುದಿಗೆ ನೇರ ಗುರಿಯಿಡುವುದಿಲ್ಲ. ಬೇಕೆಂದೇ ಅದರ ಒಂದು ಬದಿಗೆ ದಿಕ್ಸೂಚಿ ಹಿಡಿದು ಹೊಳೆಯನ್ನೋ ದಾರಿಯನ್ನೋ ಮುಟ್ಟುತ್ತಾರೆ. ಆಗ ಯಾವ ಕಡೆ ತಿರುಗಬೇಕೆಂಬ ಅನುಮಾನವೇ ಉಳಿಯದು.

ಉಳಿದದ್ದು ಬೆಳಕು. ಜೂನ್‌ನಲ್ಲಿ ಅಲ್ಲಿ ಹಗಲು ಸುಮಾರು 18 ಗಂಟೆ. ಡಿಸೆಂಬರ್ ಕೊನೆಗೆ ಆರೂವರೆ ಗಂಟೆಯೂ ಇಲ್ಲ. ಹಿಂದಿರುಗುವ ಗಡುವನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ, ಶಿಖರ ನೂರು ಮೀಟರ್ ದೂರದಲ್ಲಿದ್ದರೂ ಪಾಲಿಸಿ. ಅದರ ಪ್ರತಿಯನ್ನು, ಹೋಗುವ ದಾರಿಯ ವಿವರದೊಂದಿಗೆ, ಊರಲ್ಲಿರುವ ಒಬ್ಬರ ಕೈಗೆ ಕೊಡಿ. ಫೋನಿನ ಸಿಗ್ನಲ್ ನಂಬುವಂತಿಲ್ಲ. ಒಂದು ಸೀಟಿ ಜೇಬಿನಲ್ಲಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಅಲ್ಲಿ ಬೆಟ್ಟ ಬಲ್ಲವರು ಅದನ್ನು ಕೇಳಿದೊಡನೆ ಸಹಾಯದ ಕರೆಯೆಂದು ಗುರುತಿಸುತ್ತಾರೆ, ಮೂರು ಸಲ ಊದಿ ಉತ್ತರಿಸುತ್ತಾರೆ.